ನಾನು ಮೇಲೆ ಹೋದ ಸಂತೆಯ ದಿನ

ಸಂತೆಯ ದಿನ ನಮ್ಮ ಕಟ್ಟಡದ ಮೆಟ್ಟಿಲ ಬುಡದಲ್ಲಿ ನಿಂತು ಹೆಂಗಸರು, "ಅಕ್ಕಾ, ಇದ್ದೀರಾ? ಇಲ್ಲಾ ಮೇಲೆ ಹೋದ್ರಾ?" ಎಂದು ಕೂಗುತ್ತಾರಲ್ಲ, ಕೂಗಿ ತಾವೇ ಬಿದ್ದು ಬಿದ್ದು ನಗುತ್ತಾರಲ್ಲ, ಅದು ಯಾಕೆ ಎಂದು ಮೊಮ್ಮಕ್ಕಳು ನೀವಿಬ್ಬರೂ ಎಷ್ಟೋ ಸಲ ಕೇಳಿದ್ದೀರಿ. ಬಾಯಲ್ಲಿ ಹೇಳಲು ಹೋದರೆ ಅರ್ಧಕ್ಕೇ ನನಗೆ ನಗು ಬಂದು ಕಥೆ ನಿಂತುಹೋಗುತ್ತದೆ. ನಡುವೆ ಯಾರಾದರೂ ಹೊರಗಿನವರು ಬಂದರಂತೂ ಮುಗಿಯಿತು, ನಾಚಿಕೆಯಾಗಿ ಒಳಗೆ ಎದ್ದು ಹೋಗುತ್ತೇನೆ. ಅದಕ್ಕೇ ಬರೆದಿಡುತ್ತಿದ್ದೇನೆ. ನಾನು ಓದಿದ್ದು ನಮ್ಮ ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ. ಅಕ್ಷರ ದುಂಡಗಿದೆ ಎಂದು ಮೇಷ್ಟ್ರು ಹೇಳುತ್ತಿದ್ದರು. ಎದ್ದು ನಿಂತು ಓದು ಎಂದರೆ ಮಾತ್ರ ಕಣ್ಣಲ್ಲಿ ನೀರು ಬಂದುಬಿಡುತ್ತಿತ್ತು. ಬರೆಯುವುದಕ್ಕೆ ಎದ್ದು ನಿಲ್ಲಬೇಕಾಗಿಲ್ಲ, ಅದೊಂದು ಅನುಕೂಲ.

ಕೊಡ್ಲಿಪೇಟೆಯ ಈ ಬೀದಿ ನೀವು ಹುಟ್ಟಿದ ಕಾಲದಲ್ಲಿ ಹೀಗಿರಲಿಲ್ಲ. ಈಗ ಕೆಳಗೆ ಬೇಕರಿ, ಔಷಧಿ ಅಂಗಡಿ, ನಿಮ್ಮಪ್ಪನ ಪೈಪು ಮೋಟಾರಿನ ಅಂಗಡಿ. ಅದರ ಮೇಲಿನ ಅಂತಸ್ತಿನಲ್ಲಿ ಹಲ್ಲಿನ ಡಾಕ್ಟರ ಕೋಣೆ ಮತ್ತು ನೀವು ಹೋಗಲು ಅಳುವ ಟ್ಯೂಷನ್ ಹಾಲು. ಅದರ ಮೇಲೆ ನಮ್ಮ ಮನೆಗಳು. ಮೊದಲು ಇಷ್ಟು ಜಾಗದಲ್ಲಿ ಒಂದೇ ಉದ್ದನೆಯ ಹೆಂಚಿನ ಮಾಡು ಇತ್ತು. ಅದರ ಕೆಳಗೆ ಐದು ಮನೆ. ಎಲ್ಲ ಮನೆಗೂ ಮುಂದೆ ಅಂಗಡಿ, ಹಿಂದೆ ಸಂಸಾರ. ಒಂದು ಮನೆಗೂ ಇನ್ನೊಂದು ಮನೆಗೂ ಒಂದೇ ಗೋಡೆ. ಒಬ್ಬರು ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಐದು ಮನೆಯವರೂ ಸೀನುತ್ತಿದ್ದರು. ಗಂಡ ಹೆಂಡತಿ ಮಾತು ಬಿಟ್ಟರೆ, ಯಾವ ಮನೆಯಲ್ಲಿ ಸದ್ದಿಲ್ಲವೋ ಅಲ್ಲಿ ಜಗಳ ಎಂದು ಪಕ್ಕದವರು ತಿಳಿದುಕೊಳ್ಳುತ್ತಿದ್ದರು.

ನಿಮ್ಮ ಅಜ್ಜನ ಅಂಗಡಿಯಲ್ಲಿ ಹಗ್ಗ, ಮೂಗುದಾರ, ಕತ್ತಿ, ಗುದ್ದಲಿ, ಕಂಬಳಿ, ಬೆಲ್ಲ. ಅಂಗಡಿಗೆ ಷಟರ್ ಇರಲಿಲ್ಲ, ಹಲಗೆ ಬಾಗಿಲು. ಬೆಳಿಗ್ಗೆ ಒಂದೊಂದೇ ಹಲಗೆ ಜಾರಿಸಿ ತೆಗೆದು ಗೋಡೆಗೆ ಒರಗಿಸಬೇಕು, ಸಂಜೆ ಒಂದೊಂದೇ ಕೂರಿಸಬೇಕು. ಪ್ರತಿ ಹಲಗೆಯ ನೆತ್ತಿಯ ಮೇಲೂ ಕನ್ನಡ ಅಂಕಿ ಕೊರೆದಿತ್ತು. ಆ ಕ್ರಮದಲ್ಲೇ ಕೂರಿಸದಿದ್ದರೆ ಕೊನೆಯ ಹಲಗೆ ಒಳಗೆ ಹೋಗುತ್ತಿರಲಿಲ್ಲ. ಅಜ್ಜನ ಮನಸ್ಸು ಬೇರೆ ಕಡೆ ಇದ್ದ ದಿನ ನನಗೆ ಅದರಿಂದಲೇ ಗೊತ್ತಾಗುತ್ತಿತ್ತು. ಕೊನೆಯ ಹಲಗೆಗೆ ಗುದ್ದುವ ಸದ್ದು ಬಂದರೆ, ಇವತ್ತು ಇವರಿಗೆ ಏನೋ ಚಿಂತೆ, ಸಾರಿಗೆ ಒಂದು ಚಮಚ ತುಪ್ಪ ಜಾಸ್ತಿ ಹಾಕೋಣ ಎಂದುಕೊಳ್ಳುತ್ತಿದ್ದೆ.

ಅಂಗಡಿಯ ಮುಂದೆ ಜಗಲಿ. ನಾನು ಹೇಳಬೇಕಾದದ್ದು ಅದರ ವಿಷಯ.

ನಮ್ಮ ಬೀದಿ ಇಳಿಜಾರು ನೋಡಿ. ಜಗಲಿ ಮಟ್ಟಸವಾಗಿತ್ತು, ರಸ್ತೆ ಇಳಿಯುತ್ತಿತ್ತು. ಹಾಗಾಗಿ ಜಗಲಿ ಮೇಲಿನ ತುದಿಯಲ್ಲಿ ಮೊಣಕಾಲೆತ್ತರ, ಕೆಳಗಿನ ತುದಿಯಲ್ಲಿ ಎದೆಯೆತ್ತರ. ತಲೆಯ ಮೇಲೆ ಹೊರೆ ಹೊತ್ತು ಬಂದವರು ಕೆಳಗಿನ ತುದಿಗೆ ಬಂದು, ಸ್ವಲ್ಪ ಬಾಗಿ, ಯಾರ ಕೈಯೂ ಬೇಡದೆ ಹೊರೆಯನ್ನು ಜಗಲಿಯ ಮೇಲೆ ಜಾರಿಸಿಬಿಡುತ್ತಿದ್ದರು. ಆಮೇಲೆ ಮೇಲಿನ ತುದಿಗೆ ನಡೆದು ಬಂದು ಕಾಲು ಇಳಿಬಿಟ್ಟು ಕೂರುತ್ತಿದ್ದರು. ಬೇಕೆಂದು ಯಾರೂ ಹಾಗೆ ಕಟ್ಟಿದ್ದಲ್ಲ. ರಸ್ತೆ ಇಳಿದದ್ದರಿಂದ ಆದದ್ದು. ಆದರೆ ಸಂತೆಗೆ ಬರುವ ಹಳ್ಳಿಯ ಹೆಂಗಸರಿಗೆ ಇಡೀ ಪೇಟೆಯಲ್ಲಿ ಅಷ್ಟು ಒಗ್ಗುವ ಜಾಗ ಇನ್ನೊಂದು ಇರಲಿಲ್ಲ.

ನಾನು ಮದುವೆಯಾಗಿ ಬಂದಾಗ ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ಯಾರ ಮನೆಗೂ ಹೋಗುತ್ತಿರಲಿಲ್ಲ. ಬಾಗಿಲ ಒಳಗೆ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಾ ಕೂತರೆ ಜಗಲಿಯ ಮೇಲಿನವರ ಬೆನ್ನು ಕಾಣುತ್ತಿತ್ತು, ಮಾತು ಕೇಳುತ್ತಿತ್ತು. ನೀರು ಕೇಳಿದರೆ ಚೊಂಬು ಕೊಡುತ್ತಿದ್ದೆ. ನೀರಿನಿಂದ ಮಜ್ಜಿಗೆಯಾಯಿತು, ಮಜ್ಜಿಗೆಯಿಂದ ಕಾಫಿಯಾಯಿತು. ಮೊರವೂ ವರ್ಷಕ್ಕೆ ಒಂದು ಗೇಣಿನ ಹಾಗೆ ಮುಂದೆ ಜರುಗಿ ಹೊಸಿಲು ದಾಟಿತು. ಹೀಗೆ ನನಗೆ ಗೆಳತಿಯರಾದರು. ನಾನು ಒಬ್ಬರನ್ನೂ ಬನ್ನಿ ಎಂದು ಕರೆದವಳಲ್ಲ. ಜಗಲಿಗೆ ಯಾರೂ ಯಾರನ್ನೂ ಕರೆಯಬೇಕಾಗಿಲ್ಲ. ಅದು ಮನೆಯೂ ಹೌದು, ಬೀದಿಯೂ ಹೌದು.

"ನನ್ನ ಅಂಗಡಿಗಿಂತ ನಿನ್ನ ಜಗಲಿಗೇ ಗಿರಾಕಿ ಜಾಸ್ತಿ ಕಣೇ," ಎಂದು ನಿಮ್ಮ ಅಜ್ಜ ನಗುತ್ತಿದ್ದರು.

ಅವರಲ್ಲಿ ಇಬ್ಬರು ನಿಮಗೆ ಗೊತ್ತು. ಒಬ್ಬಳು ಸೊಪ್ಪಿನಕ್ಕ. ಗುಡ್ಡದ ಆಚೆಯ ಊರಿನಿಂದ ಸೊಪ್ಪು, ಕಳಲೆ, ಕೆಸುವಿನ ಗೆಡ್ಡೆ ಹೊತ್ತು ತರುವವಳು. ಅವಳ ದನಿಗೆ ಧ್ವನಿವರ್ಧಕ ಬೇಡ. ಇನ್ನೊಬ್ಬಳು ತೋಟದ ಕೂಲಿಯವರ ಲೈನ್‌ಮನೆಯಲ್ಲಿರುವ ತಮಿಳಿನವಳು. ಕಾಫಿ ಹಣ್ಣು ಕೊಯ್ಯುವವಳು. ಕನ್ನಡದಲ್ಲಿ ಶುರು ಮಾಡಿ ತಮಿಳಿನಲ್ಲಿ ಮುಗಿಸುತ್ತಾಳೆ, ಬೈಯುವಾಗ ಮಾತ್ರ ಪೂರ್ತಿ ಕನ್ನಡ. ಇಬ್ಬರೂ ನನ್ನನ್ನು ಕರೆಯುವುದು ಜಗಲಿ ಅಕ್ಕ ಎಂದು. ನನ್ನ ಹೆಸರು ಅವರಿಗೆ ಗೊತ್ತಿಲ್ಲ, ಅವರು ಕೇಳಿಯೂ ಇಲ್ಲ.

ಅಜ್ಜ ಹೋದ ಮೇಲೆ ಅಂಗಡಿಯನ್ನು ನಿಮ್ಮಪ್ಪ ನೋಡಿಕೊಂಡ. ಅಷ್ಟರಲ್ಲಿ ಲಾರಿಗಳು ಓಡಾಡಿ ಓಡಾಡಿ ನಮ್ಮ ಐದು ಮನೆಯ ಗೋಡೆಗಳು ಬಿರುಕು ಬಿಟ್ಟಿದ್ದವು. ರಸ್ತೆ ಅಗಲ ಮಾಡುತ್ತಾರೆ ಎಂಬ ಮಾತೂ ಬಂತು. ಒಬ್ಬರು ಮನೆ ಕೆಡವಿದರೆ ಪಕ್ಕದವರ ಗೋಡೆಯೂ ಬರುತ್ತದೆ. ಹಾಗಾಗಿ ಕಟ್ಟಿದರೆ ಐವರೂ ಸೇರಿ ಒಂದೇ ಕಟ್ಟಡ ಕಟ್ಟಬೇಕು ಎಂದಾಯಿತು. ಕೆಳಗೆ ಅಂಗಡಿ, ನಡುವೆ ಬಾಡಿಗೆಗೆ ಕೋಣೆಗಳು, ಮೇಲೆ ಮನೆ. ನಮ್ಮ ನಡುಮನೆಯಲ್ಲೇ ಸಭೆ ಸೇರಿತು. ಎಂಜಿನಿಯರು ಲ್ಯಾಪ್‌ಟಾಪಿನಲ್ಲಿ ಹೊಸ ಕಟ್ಟಡದ ಚಿತ್ರ ತೋರಿಸಿದರು. ಬಿಳಿ ಗೋಡೆ, ಕುಂಡದಲ್ಲಿ ಗಿಡ, ಮುಂದೆ ಓಡಾಡುವ ಜನ. ಗಂಡಸರೆಲ್ಲ ಕಾರು ಎಲ್ಲಿ ನಿಲ್ಲುತ್ತದೆ ಎಂದು ನೋಡಿದರು. ನಾನು ಕಾಫಿ ತಟ್ಟೆ ಹಿಡಿದುಕೊಂಡೇ ಇಣುಕಿದೆ. ಆ ಚಿತ್ರದ ಜನರ ಪೈಕಿ ಒಬ್ಬರ ತಲೆಯ ಮೇಲೂ ಏನೂ ಇರಲಿಲ್ಲ. ಒಬ್ಬರೂ ಕೂತಿರಲಿಲ್ಲ. ಕೂರುವುದಕ್ಕೆ ಜಾಗವೇ ಇರಲಿಲ್ಲ. ಅಂಗಡಿಯ ಗಾಜು ನೇರ ರಸ್ತೆಗೇ ಬಂದು ನಿಂತಿತ್ತು.

ಜಗಲಿ ಎಲ್ಲಿ ಎಂದು ಕೇಳಬೇಕೆಂದು ನಾಲಿಗೆಯ ತುದಿಯವರೆಗೆ ಬಂತು. ಅಷ್ಟರಲ್ಲಿ ನಿಮ್ಮಪ್ಪ ನನ್ನ ಮುಖ ನೋಡಿ, "ಅಮ್ಮಾ, ನಿಂಗೇನಾದ್ರೂ ಬೇಕಾ? ಈಗಲೇ ಹೇಳ್ಬಿಡು," ಎಂದ. ಎಲ್ಲರೂ ನನ್ನ ಕಡೆ ತಿರುಗಿದರು. ಎಲ್ಲರೂ ತಿರುಗಿದರೆ ನಾನು ಏನು ಹೇಳಲಿ?

"ಅಡುಗೆಮನೆಗೆ ಬೆಳಕು ಬಂದ್ರೆ ಸಾಕು," ಎಂದು ಒಳಗೆ ಹೋದೆ.

ಅದೂ ಸುಳ್ಳಲ್ಲ. ಹಳೆಯ ಅಡುಗೆಮನೆಯಲ್ಲಿ ಮಧ್ಯಾಹ್ನವೂ ದೀಪ ಹಾಕಬೇಕಿತ್ತು. ಹೊಸ ಮನೆ ಆಗುತ್ತದೆಂದು ನನಗೂ ಹಿಗ್ಗು. ಮಂಡಿ ನೋಯುವವಳಿಗೆ ಕುರ್ಚಿಯಂಥ ಕಕ್ಕಸು, ಬಟ್ಟೆ ಒಣಗಿಸಲು ಬಿಸಿಲಿರುವ ಬಾಲ್ಕನಿ, ಸೀನದೆ ಹಾಕಬಹುದಾದ ಒಗ್ಗರಣೆ. ಹಳೆಯದೆಲ್ಲ ಚಿನ್ನ ಎಂದು ನಾನು ನಿಮಗೆ ಹೇಳುವುದಿಲ್ಲ. ಹಳೆಯ ಮನೆಯ ಹೆಂಚಿನಲ್ಲಿದ್ದ ಇಲಿಗಳನ್ನು ನೀವು ನೋಡಿಲ್ಲ.

ಕಟ್ಟಡ ಏಳುವವರೆಗೆ ಶನಿವಾರಸಂತೆ ರಸ್ತೆಯ ಕೊನೆಯಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದೆವು. ಎರಡು ಕಾಫಿ ಕೊಯ್ಲು ಅಲ್ಲೇ ಕಳೆದವು. ಸಂತೆಯಿಂದ ದೂರ, ಯಾರೂ ಆ ಕಡೆ ಬರುತ್ತಿರಲಿಲ್ಲ. ಆಗಿನ್ನೂ ನೀವು ಚಿಕ್ಕವರು, ಒಬ್ಬರು ಅಂಬೆಗಾಲು, ಒಬ್ಬರು ಅಂಗನವಾಡಿ. ನಿಮ್ಮ ಹಿಂದೆ ಓಡುವುದರಲ್ಲೇ ನನಗೆ ಹೊತ್ತು ಹೋಗುತ್ತಿತ್ತು. ಮನೆಯಾದ ಮೇಲೆ ಅವರೆಲ್ಲ ಮತ್ತೆ ಸಿಗುತ್ತಾರೆ ಎಂದುಕೊಂಡಿದ್ದೆ.

ಒಂದು ಹುಣ್ಣಿಮೆಯ ದಿನ ಹಾಲು ಉಕ್ಕಿಸಿ ಈ ಮನೆಗೆ ಬಂದೆವು. ಬೀದಿಯವರಿಗೆಲ್ಲ ಊಟ ಹಾಕಿಸಿದೆವು. ನಿಮ್ಮ ಅಜ್ಜನ ಫೋಟೋವನ್ನು ನಾನೇ ಎದೆಗೆ ಅವಚಿಕೊಂಡು ಮೆಟ್ಟಿಲು ಹತ್ತಿದೆ. ಅಡುಗೆಮನೆಗೆ ಬಂದ ಬೆಳಕು ಎಷ್ಟಿತ್ತೆಂದರೆ, ನನ್ನ ಪಾತ್ರೆಗಳೆಲ್ಲ ಇಷ್ಟು ಕಪ್ಪಗಿವೆಯಾ ಎಂದು ಅವತ್ತೇ ಗೊತ್ತಾದದ್ದು.

ಅದಾದ ಮೇಲಿನ ಮೊದಲ ಸಂತೆಯ ದಿನ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದೆ. ಕೆಳಗೆ ಸೊಪ್ಪಿನಕ್ಕ ಕಂಡಳು. ನಮ್ಮ ಹಳೆಯ ಜಗಲಿ ಇದ್ದಲ್ಲಿಗೇ ಬಂದು, ಅಭ್ಯಾಸಬಲದಿಂದ ಬಾಗಿ ಹೊರೆ ಜಾರಿಸಲು ಹೋಗಿ, ಅಲ್ಲಿ ಗಾಜಿನ ಬಾಗಿಲು ನೋಡಿ ತಡೆದು ನಿಂತಳು. ತಮಿಳಿನವಳು ಹಿಂದಿನಿಂದ ಬಂದು ಹೊರೆ ಇಳಿಸಿದಳು. ಇಬ್ಬರೂ ನುಣ್ಣನೆ ಟೈಲ್ಸಿನ ಮೇಲೆ ಹೊರೆ ಇಟ್ಟುಕೊಂಡು ಅತ್ತ ನೋಡಿದರು, ಇತ್ತ ನೋಡಿದರು. ಮೇಲೆ ನೋಡಲಿಲ್ಲ. ಈ ಬೀದಿಯಲ್ಲಿ ಮೇಲೆ ನೋಡುವ ಅಭ್ಯಾಸ ಯಾರಿಗೂ ಇರಲಿಲ್ಲ.

"ಅತ್ತೆ, ಕರೀರಿ ಅವ್ರನ್ನ," ಎಂದಳು ನಿಮ್ಮಮ್ಮ.

"ಏನಂತ ಕರೀಲಿ?"

"ಬನ್ನಿ ಅಂತ! ಇನ್ನೇನು ಅಂತ?"

ಅದೇ ನನಗೆ ಬಾರದ ಮಾತು. ಆದರೂ ಕಂಬಿ ಹಿಡಿದು, "ಅಕ್ಕಾ," ಎಂದೆ. ಬಿಕ್ಕಳಿಕೆಯ ಹಾಗೆ ಬಂತು. ಎದುರು ಅಂಗಡಿಯ ಗಂಡಸರೊಬ್ಬರು ತಲೆಯೆತ್ತಿ ನೋಡಿದರು. ಸರಕ್ಕನೆ, ಹರವಿದ್ದ ನಿಮ್ಮಪ್ಪನ ಪಂಚೆಯ ಹಿಂದೆ ಕೂತುಬಿಟ್ಟೆ. ನಿಮ್ಮಮ್ಮ ನಕ್ಕಿದ್ದು ಕೆಳಗಿನ ಟ್ಯೂಷನ್ ಹಾಲಿನವರೆಗೂ ಕೇಳಿಸಿತು. ಮತ್ತೆ ಧೈರ್ಯ ಮಾಡಿ ನೀರಿನ ಚೊಂಬು ಹಿಡಿದು ಇಳಿದೆ. ಕೊನೆಯ ಮೆಟ್ಟಿಲಿಗೆ ಬಂದರೆ ಬೇಕರಿಯ ಮುಂದೆ ಹುಡುಗರ ಗುಂಪು ಪಫ್ಸ್ ತಿನ್ನುತ್ತಾ ನಿಂತಿತ್ತು. ಅವರ ನಡುವೆ ದಾರಿ ಬಿಡಿಸಿಕೊಂಡು ಹೋಗುವುದು ಹೇಗೆ? ಹಾಗೇ ವಾಪಸು ಬಂದೆ. ಇಣುಕಿದರೆ ಅವರಿಬ್ಬರೂ ಆಗಲೇ ಹೊರಟುಹೋಗಿದ್ದರು.

ಅವತ್ತು ಹೊಸ ಅಡುಗೆಮನೆಯ ಬೆಳಕಿನಲ್ಲಿ ಕೂತು ನನಗೆ ಒಂದು ವಿಷಯ ಸ್ಪಷ್ಟವಾಯಿತು. ಇನ್ನು ನಾಲ್ಕಾರು ಸಂತೆ ಹೀಗೇ ಕಳೆದರೆ ಅವರು ಬೇರೆ ಯಾರದೋ ಮೆಟ್ಟಿಲು, ಬೇರೆ ಯಾವುದೋ ಕಟ್ಟೆ ಹುಡುಕಿಕೊಳ್ಳುತ್ತಾರೆ. ಅವರಿಗೆ ಹೊರೆ ಇಳಿಸುವ ಜಾಗ ಸಿಕ್ಕಿಬಿಡುತ್ತದೆ. ನನಗೆ ಅವರು ಸಿಗುವುದಿಲ್ಲ. ಇಷ್ಟು ವರ್ಷ ನನ್ನ ಪರವಾಗಿ ಬನ್ನಿ ಎನ್ನುತ್ತಿದ್ದದ್ದು ಜಗಲಿ. ಇನ್ನು ನಾನೇ ಅನ್ನಬೇಕು.

ಮುಂದಿನ ಸಂತೆಗೆ ಏನಾಯಿತು ಎನ್ನುವುದನ್ನು ಅವರು ಮೂವರೂ ಎಷ್ಟು ಸಲ ನನ್ನ ಮುಂದೆ ಆಡಿ ತೋರಿಸಿದ್ದಾರೆಂದರೆ, ನಾನೇ ಅಲ್ಲಿ ನಿಂತು ನೋಡಿದ ಹಾಗಿದೆ. ಮೂರನೆಯವರು ಬೇಕರಿ ಕಾಕಾ. ನೀವು ದಿನಾ ಬೆಣ್ಣೆ ಬಿಸ್ಕತ್ತು ಕಸಿದುಕೊಂಡು ಬರುವ ಕಾಕಾ. ಅವರು ಕಣ್ಣೂರಿನ ಕಡೆಯವರು, ಮೀಸೆ ಮೂಡುವ ಮೊದಲೇ ಈ ಊರಿಗೆ ಬಂದವರು. ಹಳೆಯ ಬೀದಿಯ ಕೊನೆಯಲ್ಲಿ ಬಾಡಿಗೆಗೆ ಅಂಗಡಿ ಇಟ್ಟಿದ್ದರು, ಹೊಸದರಲ್ಲಿ ನಮ್ಮ ಜಗಲಿಯ ಜಾಗಕ್ಕೇ ಬಂದರು. ಕನ್ನಡ ಚೆನ್ನಾಗಿಯೇ ಆಡುತ್ತಾರೆ.

ಸೊಪ್ಪಿನಕ್ಕ ಬೇಕರಿಯ ಬಾಗಿಲಲ್ಲಿ ನಿಂತು ಕೇಳಿದಳಂತೆ, "ಕಾಕಾ, ನಮ್ಮ ಜಗಲಿ ಅಕ್ಕ ಎಲ್ಲಿ? ಕಾಣ್ತಾನೇ ಇಲ್ಲ?"

ಕಾಕಾ ಬನ್ನಿನ ಟ್ರೇ ಹಿಡಿದುಕೊಂಡಿದ್ದರು. ಕೈ ಖಾಲಿ ಇಲ್ಲದ್ದರಿಂದ ಗಡ್ಡವನ್ನೇ ಮೇಲಕ್ಕೆ ಎತ್ತಿ ತೋರಿಸಿ, "ಅಕ್ಕ ಮೇಲೆ ಹೋದ್ರಲ್ಲ! ನಿಮಗೆ ಗೊತ್ತಿಲ್ವಾ?" ಎಂದರು.

ಮೇಲೆ ಹೋದರು ಎಂದರೆ ನಮ್ಮ ಕಡೆ ಏನೆಂದು ನಿಮಗೆ ಗೊತ್ತಲ್ಲ. ಸತ್ತರು ಎಂದು ಬಾಯಿಬಿಟ್ಟು ಹೇಳಲಾರದೆ ಹೇಳುವ ಮಾತು. ಸೊಪ್ಪಿನಕ್ಕ ಗೋಡೆ ಹಿಡಿದುಕೊಂಡಳಂತೆ.

"ಯಾವಾಗ ಕಾಕಾ?"

"ಹೋದ ಹುಣ್ಣಿಮೆಗೆ. ಬಹಳ ಒಳ್ಳೇ ದಿನ."

"ಅಯ್ಯೋ ಶಿವನೇ! ಕಷ್ಟ ಪಟ್ರಾ?"

"ಸ್ವಲ್ಪ. ಮಂಡಿ ನೋವಿತ್ತಲ್ಲ, ಹೋಗೋವಾಗ ನಿಂತು ನಿಂತು ಹೋದ್ರು. ಈಗೇನೂ ಇಲ್ಲ, ಸುಖವಾಗಿದ್ದಾರೆ. ಮೇಲೆ ಗಾಳಿ, ಬೆಳಕು, ಎಲ್ಲ ಉಂಟು."

"ಕಾರ್ಯ ಎಲ್ಲ ಆಯ್ತಾ?"

"ಓ! ಹಾಲಿನ ಕಾರ್ಯ ಆಯ್ತು, ಊಟ ಹಾಕಿದ್ರು. ನಾನೂ ಹೋಗಿ ಉಂಡೆ. ಪಾಯಸ ಬಹಳ ಲಾಯ್ಕಿತ್ತು."

ಸತ್ತವರ ಹಾಲು ತುಪ್ಪದ ಕಾರ್ಯ ಎಂದು ಇವಳು ತಿಳಿದುಕೊಂಡಳು. ಹಾಲು ಉಕ್ಕಿಸಿದ್ದನ್ನು ಅವರು ಹೇಳುತ್ತಿದ್ದರು. ಅಷ್ಟರಲ್ಲಿ ಹಿಂದೆ ನಿಂತಿದ್ದ ತಮಿಳಿನವಳು ಅಳಲು ಶುರುಮಾಡಿದಳು. ಮನೆ ಬದಲಾಯಿಸಿದ್ದಕ್ಕೆ ಈ ಹೆಂಗಸರಿಗೆ ಇಷ್ಟು ದುಃಖವಾ ಎಂದು ಕಾಕಾನಿಗೆ ಮನಸ್ಸು ಕರಗಿತು. ಸಮಾಧಾನ ಹೇಳೋಣವೆಂದು, "ಅಳ್ಬೇಡಿ. ಯಜಮಾನ್ರ ಫೋಟೋ ಎದೆಗೆ ಇಟ್ಕೊಂಡೇ ಹೋದ್ರು. ನಾನೂ ಬರೋ ತಿಂಗಳು ಮೇಲೆ ಹೋಗೋನೇ. ಎಲ್ಲ ರೆಡಿ ಆಗಿದೆ," ಎಂದರು. ನಮ್ಮ ಅಂತಸ್ತಿನಲ್ಲೇ ಹಿಂಬದಿಯ ಮನೆಯನ್ನು ಅವರು ಬಾಡಿಗೆಗೆ ಹಿಡಿದಿದ್ದರು.

ಈ ಮಾತು ಕೇಳಿ ತಮಿಳಿನವಳು, "ಕಾಕಾ, ನಿಮಗೂ ಡಾಕ್ಟ್ರು ಹೇಳ್ಬಿಟ್ರಾ?" ಎಂದು ಇನ್ನೂ ಜೋರಾಗಿ ಅತ್ತಳಂತೆ.

ಸಂತೆ ಸುತ್ತಿ ಬರುವಷ್ಟರಲ್ಲಿ ಸುದ್ದಿ ಹರಡಿತು. ಜಗಲಿಯಲ್ಲಿ ಕೂರುತ್ತಿದ್ದ ಇನ್ನೂ ನಾಲ್ಕೈದು ಹೆಂಗಸರು ಕೂಡಿದರು. ಸೇವಂತಿಗೆಯ ಹಾರ ತಂದರು, ಊದುಬತ್ತಿ ತಂದರು. ನಿಮ್ಮಪ್ಪ ಮಾಲು ತರಲು ಹೋಗಿದ್ದರಿಂದ ಅಂಗಡಿಯಲ್ಲಿ ಇರಲಿಲ್ಲ. ಮಗನನ್ನು ಮಾತಾಡಿಸಿ, ಫೋಟೋಗೆ ಹಾರ ಹಾಕಿ ಬರೋಣ ಎಂದು ಔಷಧಿ ಅಂಗಡಿಯಲ್ಲಿ ಮನೆ ಎಲ್ಲಿ ಎಂದು ಕೇಳಿ ಮೆಟ್ಟಿಲು ಹತ್ತಿದರು.

ನಾನು ಒಳಗೆ ಅವರೆಕಾಳು ಹಿತುಕುತ್ತಿದ್ದೆ. ಮೆಟ್ಟಿಲಲ್ಲಿ ಅಳುವಿನ ಸದ್ದು ಕೇಳಿಸಿತು. ಹಾಡಿಕೊಂಡು ಅಳುವ ಅಳು. "ಹೊರೆ ಇಳಿಸೋಕೆ ಜಾಗ ಕೊಟ್ಟ ತಾಯೀ... ಮಾತಾಡದೇನೇ ಕಾಫಿ ಕೊಟ್ಟ ನನ್ನವ್ವಾ... ಸಂತೆಗೆ ಬಂದ್ರೆ ಇನ್ಯಾರ ಮುಖ ನೋಡ್ಲೀ..." ನಡುವೆ ತಮಿಳಿನಲ್ಲೂ ಒಂದು ಸೊಲ್ಲು. ಈ ಕಟ್ಟಡದಲ್ಲಿ ಯಾರೋ ತೀರಿಹೋಗಿದ್ದಾರೆ, ಪಾಪ, ಯಾರೋ ಒಳ್ಳೆಯ ಹೆಂಗಸು, ಎಂದುಕೊಂಡೆ. ಪಕ್ಕದ ಮನೆಯ ಅಜ್ಜಿ ಇರಬಹುದು, ಅವರಿಗೆ ಮೊದಲೇ ಉಸಿರಾಟದ ತೊಂದರೆ. ಆದರೆ ಅವರು ಯಾವತ್ತು ಯಾರಿಗೆ ಕಾಫಿ ಕೊಟ್ಟಿದ್ದರು? ಇರಲಿ, ಸತ್ತವರ ಬಗ್ಗೆ ಹಾಗೆಲ್ಲ ಯೋಚಿಸಬಾರದು. ಕೈ ಒರೆಸಿಕೊಂಡು, ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲಿಗೆ ಬಂದೆ. ಅವರು ಅಳುವುದು ನೋಡಿ ನನಗೂ ಅಳು ಬಂತು. ಗುಂಪಿನ ನಡುವೆ ಸೇರಿಕೊಂಡು ಅತ್ತೆ.

ಅಳುತ್ತಾ ಪಕ್ಕದವಳ ತೋಳು ಹಿಡಿದು, "ಯಾರವ್ವಾ ಹೋದದ್ದು?" ಎಂದೆ.

ಆಕೆ ಸೊಪ್ಪಿನಕ್ಕ. ಮುಖ ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. "ಜಗಲಿ ಅಕ್ಕ ಹೋಗ್ಬಿಟ್ರು ಕಣವ್ವಾ..." ಎಂದು ನನ್ನ ಹೆಗಲ ಮೇಲೆ ತಲೆಯಿಟ್ಟಳು.

ನನಗೆ ಒಂದು ಕ್ಷಣ ನಿಜಕ್ಕೂ ದುಃಖವಾಯಿತು. ಆಮೇಲೆ, ಜಗಲಿ ಅಕ್ಕ ಎಂದರೆ ನಾನಲ್ಲವಾ ಎಂದು ಹೊಳೆಯಿತು.

"ನಾನು ಇಲ್ಲೇ ಇದ್ದೀನಲ್ಲೇ," ಎಂದೆ.

ಅವಳು ತಲೆಯೆತ್ತಿ ನೋಡಿ ಚೀರಿದಳು. ಆ ಕೂಗು ಬಸ್ ಸ್ಟ್ಯಾಂಡಿನಲ್ಲಿದ್ದವರಿಗೂ ಕೇಳಿಸಿರಬೇಕು. ಹಾರ ಕೈಜಾರಿತು. ತಮಿಳಿನವಳು, "ಐಯೋ ಮುರುಗಾ!" ಎಂದು ಅರ್ಧ ಮೆಟ್ಟಿಲು ಇಳಿದೇಬಿಟ್ಟಳು. ಕೆಳಗಿನ ಅಂತಸ್ತಿನಿಂದ ಹಲ್ಲಿನ ಡಾಕ್ಟರು ಓಡಿ ಬಂದರು. ಅವರ ಹಿಂದೆ ಬಾಯಿ ತೆರೆದುಕೊಂಡೇ ಒಬ್ಬ ರೋಗಿ. ಸೊಪ್ಪಿನಕ್ಕ ನನ್ನ ಕೆನ್ನೆ ಮುಟ್ಟಿದಳು, ಕೈ ಮುಟ್ಟಿದಳು, ಕಾಲು ನೋಡಿದಳು. ಕಾಲು ಯಾವ ಕಡೆ ತಿರುಗಿದೆ ಎಂದು ನೋಡಿದ್ದು, ಆಮೇಲೆ ಅವಳೇ ಒಪ್ಪಿಕೊಂಡಳು. ಆಮೇಲೆ ನನ್ನ ಬೆನ್ನಿಗೆ ಎರಡು ಗುದ್ದು ಹಾಕಿ ನಗಲು ಶುರುಮಾಡಿದಳು. ನಗು ಹಿಡಿದ ಮೇಲೆ ಯಾರಿಗೂ ನಿಲ್ಲಿಸಲಾಗಲಿಲ್ಲ. ಎಲ್ಲರೂ ಮೆಟ್ಟಿಲ ಮೇಲೆ ಅಲ್ಲಲ್ಲೇ ಕೂತುಬಿಟ್ಟರು.

"ಅಲ್ಲಾ ಅಕ್ಕ, ನೀವೂ ನಮ್ ಜೊತೆ ಅಳ್ತಿದ್ರಲ್ಲ!" ಎಂದಳು ಸೊಪ್ಪಿನಕ್ಕ.

"ಇಷ್ಟು ಒಳ್ಳೇವ್ಳು ಸತ್ತಳಲ್ಲ ಅಂತ ಅತ್ತೆ," ಎಂದೆ.

"ಸುಮ್ನೆ ಇನ್ನೊಂದು ಗಳಿಗೆ ಬಿಟ್ಟು ಬರ್ಬಾರ್ದಿತ್ತಾ? ಇನ್ನೂ ಹೊಗಳೋದಿತ್ತು!"

ಕಾಕಾ ಏದುಸಿರು ಬಿಡುತ್ತಾ ಮೇಲೆ ಬಂದರು. ವಿಷಯ ತಿಳಿದು, "ಪಡಚ್ಚೋನೇ!" ಎಂದು ತಮ್ಮ ಭಾಷೆಯಲ್ಲಿ ದೇವರನ್ನು ಕರೆದು ತಲೆ ಮೇಲೆ ಕೈಯಿಟ್ಟುಕೊಂಡರು. "ನಾನು ಸರಿಯಾಗೇ ಹೇಳಿದ್ದು! ಮೇಲೆ ಅಂದ್ರೆ ಮೇಲೆ. ನೋಡಿ, ಇದು ಮೇಲೆ ಅಲ್ವಾ?"

"ಮಹಡಿ ಮೇಲೆ ಅನ್ಬೇಕು ಕಾಕಾ! ಮಹಡಿ!" ಎಂದಳು ಸೊಪ್ಪಿನಕ್ಕ.

"ಈ ಬೀದಿಯಲ್ಲಿ ಮಹಡಿ ಯಾವಾಗ ಇತ್ತು? ಇಲ್ಲದ್ದಕ್ಕೆ ಹೆಸರು ಯಾಕೆ ಕಲೀಲಿ? ಅಟ್ಟ ಅಂತ ಗೊತ್ತು ನನಗೆ. ಅಕ್ಕನ್ನ ಅಟ್ಟಕ್ಕೆ ಹಾಕಿದ್ದಾರೆ ಅಂತ ಹೇಳ್ಲಾ?"

ನಿಮ್ಮಮ್ಮ ಎಲ್ಲರನ್ನೂ ಒಳಗೆ ಕೂರಿಸಿದಳು. ನಾನು ಕಾಫಿಗೆ ಇಟ್ಟೆ. ಅಲ್ಲೊಂದು ಹೊಸ ತಕರಾರು ಬಂತು. ಅವರಲ್ಲಿ ಹಿರಿಯಳೊಬ್ಬಳು, ಸಾವಿನ ಮನೆಗೆಂದು ಹೊರಟು ಬಂದವರು ಅಲ್ಲಿ ಏನೂ ಕುಡಿಯಬಾರದು, ಮನೆಗೆ ಹೋಗಿ ತಲೆಗೆ ಸ್ನಾನ ಮಾಡಬೇಕು ಎಂದಳು.

"ಸತ್ತವ್ರೇ ಕಾಫಿ ಸೋಸ್ತಾ ಇದ್ದಾರೆ, ಕುಡಿಯಮ್ಮಾ ಸುಮ್ನೆ," ಎಂದಳು ತಮಿಳಿನವಳು.

"ಸ್ನಾನ?"

"ವಾರಕ್ಕೊಂದ್ಸಲ ಹೆಂಗೂ ಮಾಡ್ಬೇಕಲ್ಲ. ಈ ನೆಪದಲ್ಲಿ ಮಾಡ್ಕೋ!"

ಹಾರವನ್ನು ಏನು ಮಾಡುವುದು ಎಂದೂ ಚರ್ಚೆಯಾಯಿತು. ನನ್ನ ಹೆಸರಲ್ಲಿ ತಂದದ್ದನ್ನು ದೇವರಿಗೆ ಹಾಕುವ ಹಾಗಿಲ್ಲ, ಬಿಸಾಡಲು ಮನಸ್ಸಿಲ್ಲ. ಕೊನೆಗೆ ಸೊಪ್ಪಿನಕ್ಕ ಎದ್ದು ಹೋಗಿ ನಿಮ್ಮ ಅಜ್ಜನ ಫೋಟೋಗೆ ಹಾಕಿ ಕೈಮುಗಿದಳು. "ಯಜಮಾನ್ರೇ, ಇದು ನಿಮಗೆ ತಂದದ್ದಲ್ಲ. ಅಕ್ಕ ಸದ್ಯಕ್ಕೆ ಬರಲ್ವಂತೆ. ಅಲ್ಲಿವರೆಗೂ ನೀವೇ ಇಟ್ಕೊಳಿ." ಅಜ್ಜ ಇದ್ದಿದ್ದರೆ ಎಷ್ಟು ನಗುತ್ತಿದ್ದರೋ. ಫೋಟೋದಲ್ಲೂ ಸ್ವಲ್ಪ ನಕ್ಕ ಹಾಗೇ ಕಂಡಿತು ನನಗೆ.

ಬಿಸಿಲು ಇಳಿಯುವ ಹೊತ್ತಿಗೆ ಅವರು ಎದ್ದರು. ಬಾಗಿಲವರೆಗೆ ಹೋದ ಸೊಪ್ಪಿನಕ್ಕ ಅಲ್ಲೇ ನಿಂತಳು. ಹೊಸಿಲ ಮೇಲೆ ಒಂದು ಕಾಲು, ಆಚೆ ಒಂದು ಕಾಲು.

"ಈಗ ಏನ್ ಮಾಡೋದು? ಹೇಳ್ಬೇಕಾ, ಹೇಳ್ಬಾರ್ದಾ?" ಎಂದು ಹಿರಿಯಳನ್ನು ಕೇಳಿದಳು.

ಯಾರ ಮನೆಯಿಂದ ಹೊರಡುವಾಗಲೂ ಹೋಗಿ ಬರುತ್ತೇವೆ ಎಂದು ಹೇಳಿಯೇ ಹೊರಡಬೇಕು. ಸಾವಿನ ಮನೆಯಿಂದ ಮಾತ್ರ ಹಾಗೆ ಹೇಳಬಾರದು, ಹೇಳದೆ ಎದ್ದು ನಡೆಯಬೇಕು. ಮತ್ತೆ ಬರುತ್ತೇವೆ ಎಂದರೆ ಆ ಮನೆಗೆ ಇನ್ನೊಂದು ಸಾವು ಕೋರಿದ ಹಾಗೆ. ಇವರು ಬಂದದ್ದು ಸಾವಿಗೆ, ಕುಡಿದದ್ದು ಸತ್ತವಳ ಕೈಯ ಕಾಫಿ. ಹಿರಿಯಳಿಗೂ ತೋಚಲಿಲ್ಲ. ಎಲ್ಲರೂ ಬಾಗಿಲಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿದರು. ಹೇಳದೆ ಹೋದರೆ ಅವರು ಮತ್ತೆ ಈ ಮೆಟ್ಟಿಲು ಹತ್ತಲು ಹಿಂಜರಿಯುತ್ತಾರೆ, ಅದು ನನಗೆ ಖಾತ್ರಿ. ಹಳೆಯ ಹೆಂಗಸರು, ಇಂಥದ್ದನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಳ್ಳುವವರು.

ಎಲ್ಲರೂ ನನ್ನ ಕಡೆಯೇ ತಿರುಗಿದ್ದರು. ಡಾಕ್ಟರೂ ಕೆಳಗಿನಿಂದ ನೋಡುತ್ತಿದ್ದರು.

"ಹೇಳಿ ಹೋಗಿ," ಎಂದೆ. ದನಿ ಚೆನ್ನಾಗಿಯೇ ಬಂತು. ಅದೇ ಉಸಿರಿನಲ್ಲಿ, "ಬನ್ನಿ. ಬರೋ ಸಂತೆಗೂ ಬನ್ನಿ. ಹೊರೆ ಸಮೇತ ಬನ್ನಿ," ಎಂದೆ.

ನಿಮ್ಮಮ್ಮ ನನ್ನನ್ನೇ ನೋಡಿದಳು. ಅವರು ಆರೇಳು ಜನವೂ ಒಟ್ಟಿಗೆ, "ಹೋಗಿ ಬರ್ತೀವಿ ಅಕ್ಕಾ!" ಎಂದರು. ಮೆಟ್ಟಿಲಲ್ಲಿ ಒಂದು ಸಲ, ತಿರುವಿನಲ್ಲಿ ಒಂದು ಸಲ, ರಸ್ತೆಗೆ ಇಳಿದು ಮೇಲೆ ನೋಡಿ ಇನ್ನೊಂದು ಸಲ. ಸಾವಿನ ದೋಷ ಏನಾದರೂ ಅಂಟಿಕೊಂಡಿದ್ದರೆ ಉದುರಿಹೋಗಲಿ ಎನ್ನುವ ಹಾಗೆ ಕೂಗಿದರು.

ಆ ರಾತ್ರಿ ಊಟಕ್ಕೆ ಕೂತಾಗ ನಿಮ್ಮಪ್ಪನಿಗೆ ಎಲ್ಲವನ್ನೂ ಹೇಳಿದೆವು. ಅವನು ಅನ್ನ ಕಲಸುವುದು ಬಿಟ್ಟು ನಕ್ಕ. ಆಮೇಲೆ, "ಅಮ್ಮಾ, ಅವತ್ತು ಸಭೇಲಿ ನೀನು ಕೇಳ್ಬೇಕು ಅಂದ್ಕೊಂಡಿದ್ದು ಅಡುಗೆಮನೆ ಬೆಳಕಲ್ಲ ಅಲ್ವಾ?" ಎಂದ.

"ಅದೂ ಬೇಕಿತ್ತು," ಎಂದೆ.

ಹೊರೆಯನ್ನು ಮೇಲಿನ ತನಕ ಯಾರು ಹೊತ್ತು ತರುತ್ತಾರೆ, ಅದು ಮಾತಿಗೆ ಹೇಳಿದ್ದು. ಆ ವಾರವೇ ನಿಮ್ಮಪ್ಪ ಗೋದಾಮಿನಲ್ಲಿ ಇಟ್ಟಿದ್ದ ಹಳೆಯ ಅಂಗಡಿಯ ಹಲಗೆಗಳನ್ನು ಹೊರಗೆ ತೆಗೆದ. ಕಾಕಾ ತಮ್ಮ ಗಾಜಿನ ಮುಂದಿದ್ದ ಐಸ್‌ಕ್ರೀಮ್ ಪೆಟ್ಟಿಗೆಯನ್ನು ಒಳಗೆ ಎಳೆದುಕೊಂಡರು. "ಮಾತಲ್ಲಿ ಸಾಯಿಸಿದ್ದು ನಾನು, ಜಾಗ ನಂದೇ ಹೋಗ್ಲಿ," ಎಂದರು. ಮೆಟ್ಟಿಲ ಪಕ್ಕದಿಂದ ಬೇಕರಿಯ ಬಾಗಿಲವರೆಗೆ ಬಡಗಿ ಒಂದು ಉದ್ದನೆಯ ಹಲಗೆಯ ಜಗಲಿ ಕಟ್ಟಿದ. ರಸ್ತೆ ಇಳಿಯುವುದು ಹೇಗೂ ಹಾಗೇ ಇದೆ. ಮೇಲಿನ ತುದಿ ಮೊಣಕಾಲೆತ್ತರ, ಕೆಳಗಿನ ತುದಿ ಎದೆಯೆತ್ತರ. ಬಡಗಿಗೆ ಕನ್ನಡ ಅಂಕಿ ಓದಲು ಬರುತ್ತಿರಲಿಲ್ಲ. ಏಳರ ಪಕ್ಕ ಮೂರು, ಮೂರರ ಪಕ್ಕ ಒಂಬತ್ತು ಬಂದಿದೆ. ನೀವಿಬ್ಬರೂ ಅಂಕಿ ಕಲಿತದ್ದು ಅದರ ಮೇಲೆ ಕೂತೇ, ಅದಕ್ಕೇ ಹಾಗೆ ಕಲಿತಿರಿ.

ಈಗ ಸಂತೆಯ ದಿನ ಅವರು ಕೆಳಗೆ ಹೊರೆ ಜಾರಿಸಿ, ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡಿ ಕೂಗುತ್ತಾರೆ. ಮಂಡಿ ಒಪ್ಪಿದ ದಿನ ನಾನು ಇಳಿದು ಹೋಗಿ ಅವರ ಜೊತೆ ಕೂರುತ್ತೇನೆ. ಒಪ್ಪದ ದಿನ ಅವರೇ ಹತ್ತಿ ಬರುತ್ತಾರೆ. ಪಫ್ಸ್ ತಿನ್ನುವ ಹುಡುಗರು ಈಗಲೂ ಇರುತ್ತಾರೆ. ಅವರಿಗೆ, ಸ್ವಲ್ಪ ಸರೀರಪ್ಪಾ, ಎನ್ನುವುದನ್ನು ಕಲಿತಿದ್ದೇನೆ.

ಮೊನ್ನೆ ಸೊಪ್ಪಿನಕ್ಕ ಎಂದಿನಂತೆ, "ಅಕ್ಕಾ, ಇದ್ದೀರಾ? ಇಲ್ಲಾ ಮೇಲೆ ಹೋದ್ರಾ?" ಎಂದು ಕೂಗಿದಳು. ಒಲೆಯ ಮೇಲೆ ಹಾಲಿತ್ತು, ಬಾಲ್ಕನಿಗೆ ಹೋಗಲಾಗಲಿಲ್ಲ. ಅಡುಗೆಮನೆಯಿಂದಲೇ, "ಇದ್ದೀನಿ, ಬನ್ನೀ!" ಎಂದೆ. ಆಮೇಲೆ ಕಾಕಾ ಹೇಳಿದರು, ಬೇಕರಿಯೊಳಗೆ ಕೂತಿದ್ದ ನಾಲ್ಕು ಜನ ಹೊಸಬರು ತಮ್ಮನ್ನೇ ಕರೆದರೆಂದು ಎದ್ದು ನಿಂತರಂತೆ.

ಅವರೂ ಬಂದಿದ್ದರೆ ಕಾಫಿ ಇತ್ತು.